ಅಂಕಿಯ ಹಿಂದಿನ ಕಾಗದ: ಆಡಿಟರ್ ಕಚೇರಿಯಲ್ಲಿ ಎರಡು ವರ್ಷ

ಚಾರ್ಟರ್ಡ್ ಅಕೌಂಟೆಂಟ್ ಆಗಲು ಹೊರಟ ವಿದ್ಯಾರ್ಥಿ ಇಂಟರ್‌ಮೀಡಿಯೆಟ್ ಪರೀಕ್ಷೆಯ ಎರಡೂ ಗ್ರೂಪ್ ಪಾಸಾದ ಮೇಲೆ, ಸ್ವಂತ ಕಚೇರಿ ಇಟ್ಟುಕೊಂಡಿರುವ ಅಥವಾ ಸಂಸ್ಥೆಯೊಂದರಲ್ಲಿ ಪಾಲುದಾರರಾಗಿರುವ ಲೆಕ್ಕಪರಿಶೋಧಕರೊಬ್ಬರ ಕೈಕೆಳಗೆ ಎರಡು ವರ್ಷ ಕೆಲಸ ಕಲಿಯಬೇಕು. ಇದೇ ಆರ್ಟಿಕಲ್‌ಶಿಪ್. ಕಲಿಯಲು ಬಂದವರನ್ನು ಆರ್ಟಿಕಲ್ಡ್ ಅಸಿಸ್ಟೆಂಟ್ ಎಂದೂ, ಕಲಿಸುವವರನ್ನು ಪ್ರಿನ್ಸಿಪಾಲ್ ಎಂದೂ ನಿಯಮಗಳು ಕರೆಯುತ್ತವೆ. ಕಚೇರಿಯ ಮಾತಿನಲ್ಲಿ ಎಲ್ಲವೂ ಚಿಕ್ಕದಾಗಿ, ವಿದ್ಯಾರ್ಥಿಗಳು ‘ಆರ್ಟಿಕಲ್ಸ್’, ಯಜಮಾನರು ‘ಆಡಿಟರು’ ಆಗುತ್ತಾರೆ.

ಬಿ.ಕಾಂ. ವಿದ್ಯಾರ್ಥಿಗಳು ಕೆಲವು ವಾರ ಮಾಡಿ ಮುಗಿಸುವ ಇಂಟರ್ನ್‌ಶಿಪ್‌ಗಿಂತ ಇದು ಬೇರೆ. ಆರ್ಟಿಕಲ್‌ಶಿಪ್‌ಗೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಆಧಾರವಿದೆ. ಆ ಕಾಯ್ದೆಯಡಿ ರಚಿತವಾದ 1988ರ ನಿಯಮಾವಳಿ ಕೆಲಸದ ಅವಧಿ, ಗಂಟೆ, ರಜೆ, ಸ್ಟೈಪೆಂಡ್, ವರ್ಗಾವಣೆ ಎಲ್ಲವನ್ನೂ ಗೊತ್ತುಮಾಡಿದೆ. ತರಬೇತಿ ಪೂರ್ತಿಯಾಗದಿದ್ದರೆ ಫೈನಲ್ ಪರೀಕ್ಷೆಗೆ ಕೂರುವಂತಿಲ್ಲ. ಆದರೆ ಇದರ ಮಹತ್ವ ಕಾನೂನಿನ ಕಡ್ಡಾಯದಿಂದ ಮಾತ್ರ ಬಂದದ್ದಲ್ಲ. ಲೆಕ್ಕ ಬರೆಯುವುದನ್ನು ಪಠ್ಯಪುಸ್ತಕದಿಂದ ಕಲಿಯಬಹುದು. ಇನ್ನೊಬ್ಬರು ಬರೆದಿಟ್ಟ ಲೆಕ್ಕವನ್ನು ನಂಬಬಹುದೇ, ನಂಬುವುದಾದರೆ ಯಾವ ಕಾಗದದ ಬಲದ ಮೇಲೆ ಎಂದು ಕೇಳುವ ಅಭ್ಯಾಸವನ್ನು ಮಾತ್ರ ಕಡತಗಳ ನಡುವೆ ಕೂತೇ ಕಲಿಯಬೇಕು.

ಹಿರಿಯರ ಕೈಕೆಳಗೆ ಕಲಿಯುವ ಈ ಪದ್ಧತಿ ಬ್ರಿಟನ್ನಿನಿಂದ ಬಂತು. ಅಲ್ಲಿ ಆರ್ಟಿಕಲ್ಡ್ ಕ್ಲರ್ಕ್ ಆಗಿ ಸೇರುವವನ ಮನೆಯವರು ಯಜಮಾನನಿಗೆ ಪ್ರೀಮಿಯಂ ಎಂಬ ಹಣ ಕೊಡಬೇಕಿತ್ತು. ಕಲಿಯುವವನೇ ದುಡ್ಡು ತೆರಬೇಕಾಗಿದ್ದರಿಂದ ಬಡವರ ಮಕ್ಕಳಿಗೆ ಆ ಬಾಗಿಲು ಬಹುತೇಕ ಮುಚ್ಚಿತ್ತು. ಭಾರತದಲ್ಲಿ 1913ರ ಕಂಪನಿ ಕಾಯ್ದೆ ಲೆಕ್ಕಪರಿಶೋಧಕರಿಗೆ ಸರ್ಕಾರದ ಪ್ರಮಾಣಪತ್ರ ಬೇಕೆಂದಿತು. 1918ರಲ್ಲಿ ಬೊಂಬಾಯಿಯಲ್ಲಿ ಗವರ್ನಮೆಂಟ್ ಡಿಪ್ಲೊಮಾ ಇನ್ ಅಕೌಂಟೆನ್ಸಿ ಶುರುವಾಯಿತು, 1932ರಲ್ಲಿ ಆಡಿಟರ್ಸ್ ಸರ್ಟಿಫಿಕೇಟ್ ನಿಯಮಗಳು ಬಂದವು. ಮದರಾಸಿನ ಆರ್. ಶಿವಭೋಗಂ 1933ರಲ್ಲಿ ಆ ಡಿಪ್ಲೊಮಾ ಪಡೆದು ದೇಶದ ಮೊದಲ ಮಹಿಳಾ ಲೆಕ್ಕಪರಿಶೋಧಕಿಯಾದರು. ಅವರೂ ಸಿ.ಎಸ್. ಶಾಸ್ತ್ರಿ ಅವರ ಬಳಿ ತರಬೇತಿ ಪಡೆದೇ ಮುಂದೆ ಬಂದವರು. 1949ರ ಜುಲೈ 1ರಂದು ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐಸಿಎಐ, ಅಸ್ತಿತ್ವಕ್ಕೆ ಬಂತು, ಜಿ.ಪಿ. ಕಪಾಡಿಯಾ ಅದರ ಮೊದಲ ಅಧ್ಯಕ್ಷರಾದರು. ಇಂದಿನ ನಿಯಮಾವಳಿಯ ಪ್ರಕಾರ ವಿದ್ಯಾರ್ಥಿಯಿಂದ ಪ್ರೀಮಿಯಂ ಪಡೆಯುವಂತಿಲ್ಲ. ಬದಲಿಗೆ ಪ್ರಿನ್ಸಿಪಾಲರೇ ಪ್ರತಿ ತಿಂಗಳು ಸ್ಟೈಪೆಂಡ್ ಕೊಡಬೇಕು. ಈ ವೃತ್ತಿಯ ಇತಿಹಾಸದಲ್ಲಿ ಇದಕ್ಕಿಂತ ನ್ಯಾಯವಾದ ಬದಲಾವಣೆ ಮತ್ತೊಂದಿಲ್ಲ.

ತರಬೇತಿಯ ಅವಧಿ ಬಹುಕಾಲ ಮೂರು ವರ್ಷವಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಯೋಜನೆ ಅದನ್ನು ಎರಡಕ್ಕೆ ಇಳಿಸಿತು. ಪದವಿಯ ಅಂಕದ ಆಧಾರದ ಮೇಲೆ ನೇರ ಪ್ರವೇಶ ಪಡೆದವರು ಮೊದಲೆಲ್ಲ ಇಂಟರ್‌ಮೀಡಿಯೆಟ್ ಪಾಸಾಗುವ ಮುನ್ನವೇ ಕಚೇರಿ ಸೇರಬಹುದಿತ್ತು. ಈಗ ಎಲ್ಲರಿಗೂ ಎರಡೂ ಗ್ರೂಪ್ ಪಾಸಾಗುವುದು ಕಡ್ಡಾಯ. ಇದರ ಜೊತೆಗೆ ಮಾಹಿತಿ ತಂತ್ರಜ್ಞಾನ ಮತ್ತು ಸಂವಹನ ಕೌಶಲದ ನಾಲ್ಕು ವಾರದ ಕೋರ್ಸನ್ನೂ ಮುಗಿಸಿರಬೇಕು. ಹೀಗಾಗಿ ಕಚೇರಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲಿಗಿಂತ ಹೆಚ್ಚು ವಿಷಯಜ್ಞಾನ ಇರುತ್ತದೆ, ಆದರೆ ಕೈಯಲ್ಲಿರುವ ಕಾಲ ಕಡಿಮೆ. ಒಂದೇ ಬಗೆಯ ಕೆಲಸದಲ್ಲಿ ಆರು ತಿಂಗಳು ಕಳೆದರೆ ಇಡೀ ತರಬೇತಿಯ ಕಾಲು ಭಾಗ ಹೋದಂತೆ. ಆದ್ದರಿಂದ ಯಾವ ಕಚೇರಿಗೆ ಸೇರುವುದು ಎಂಬ ಆಯ್ಕೆ ಹಿಂದೆಂದಿಗಿಂತಲೂ ದೊಡ್ಡದಾಗಿದೆ.

ಬೆಂಗಳೂರಿನಲ್ಲಿ ಈ ಆಯ್ಕೆ ವಿಶಾಲವಾಗಿದೆ. ಒಂದು ಕಡೆ ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯೂಸಿ ಜಾಲಗಳ ದೊಡ್ಡ ಕಚೇರಿಗಳು. ಇನ್ನೊಂದು ಕಡೆ ಬಸವನಗುಡಿ, ಜಯನಗರ, ಮಲ್ಲೇಶ್ವರ, ರಾಜಾಜಿನಗರಗಳಲ್ಲಿ ಮನೆಯ ಮೊದಲ ಮಹಡಿಯಲ್ಲೋ ವಾಣಿಜ್ಯ ಸಂಕೀರ್ಣದ ಎರಡು ಕೋಣೆಗಳಲ್ಲೋ ನಡೆಯುವ ಕಚೇರಿಗಳು. ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಐಸಿಎಐ ಶಾಖೆಗಳಿದ್ದು, ಅವುಗಳ ಸುತ್ತ ಹಳೆಯ ಕಚೇರಿಗಳು ಬೆಳೆದಿವೆ. ದೊಡ್ಡ ಸಂಸ್ಥೆಯಲ್ಲಿ ವಿದ್ಯಾರ್ಥಿಗೆ ಬೃಹತ್ ಕಂಪನಿಯ ಆಡಿಟ್‌ನ ಒಂದು ತುಂಡು ಸಿಗುತ್ತದೆ. ಸ್ಥಿರಾಸ್ತಿ ವಿಭಾಗ ಮಾತ್ರ, ಇಲ್ಲವೇ ಸಾಲಗಾರರ ಬಾಕಿ ಮಾತ್ರ ಎಂಬಂತೆ. ಆದರೆ ಆ ತುಂಡನ್ನು ಅಂತರರಾಷ್ಟ್ರೀಯ ಮಟ್ಟದ ಶಿಸ್ತಿನಲ್ಲಿ ಮಾಡುವುದನ್ನು ಕಲಿಯುತ್ತಾನೆ. ಚಿಕ್ಕ ಕಚೇರಿಯಲ್ಲಿ ಕಿರಾಣಿ ಅಂಗಡಿಯ ಜಿಎಸ್‌ಟಿ, ವೈದ್ಯರ ಆದಾಯ ತೆರಿಗೆ, ಶಾಲಾ ಟ್ರಸ್ಟಿನ ಆಡಿಟ್, ಪಾಲುದಾರಿಕೆ ವ್ಯಾಪಾರದ ಅಢಾವೆ ಪತ್ರಿಕೆ ಎಲ್ಲವೂ ಒಂದೇ ವರ್ಷದಲ್ಲಿ ಕೈದಾಟುತ್ತವೆ. ಮುಂದೆ ಸ್ವಂತ ಕಚೇರಿ ತೆರೆಯುವ ಆಸೆಯಿರುವವರಿಗೆ ಎರಡನೆಯದೇ ಮೇಲು; ಕಂಪನಿಗಳ ಹಣಕಾಸು ವಿಭಾಗದ ಕಡೆ ಮನಸ್ಸಿರುವವರಿಗೆ ಮೊದಲನೆಯದರ ಅನುಭವ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸೇರುವಾಗ ನಮೂನೆ 102ರಲ್ಲಿ ಪ್ರಿನ್ಸಿಪಾಲ್ ಮತ್ತು ವಿದ್ಯಾರ್ಥಿಯ ನಡುವೆ ಕರಾರು ಆಗುತ್ತದೆ. ಕೆಲಸ ಶುರುವಾದ 30 ದಿನಗಳೊಳಗೆ ನಮೂನೆ 103 ಅನ್ನು ಐಸಿಎಐಗೆ ಸಲ್ಲಿಸಬೇಕು. ಈ ದಿನಾಂಕ ತಪ್ಪಿದರೆ ಮುಂದೆ ಪರೀಕ್ಷೆಯ ಅರ್ಹತೆ ಲೆಕ್ಕ ಹಾಕುವಾಗ ತೊಡಕಾಗುವುದರಿಂದ ವಿದ್ಯಾರ್ಥಿಯೇ ಇದನ್ನು ನೆನಪಿಟ್ಟುಕೊಳ್ಳುವುದು ಕ್ಷೇಮ.

ಮೊದಲ ದಿನಗಳ ಕೆಲಸ ಸಾಮಾನ್ಯವಾಗಿ ವೋಚಿಂಗ್. ಪುಸ್ತಕದಲ್ಲಿ ಬರೆದಿರುವ ಪ್ರತಿ ಖರ್ಚಿಗೂ ಆಧಾರದ ಚೀಟಿ ಇದೆಯೇ ಎಂದು ನೋಡುವ ಕೆಲಸ. ಹೊರಗಿನವರಿಗೆ ಇದು ಬೇಸರದ ಕೆಲಸದಂತೆ ಕಾಣುತ್ತದೆ, ಎಷ್ಟೋ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ನಿಸುತ್ತದೆ. ಆದರೆ ಆಡಿಟಿನ ಅಡಿಪಾಯ ಇದೇ. ಒಂದು ವೋಚರನ್ನು ಕೈಗೆತ್ತಿಕೊಂಡರೆ ನೋಡಬೇಕಾದದ್ದು ಬಹಳ. ಬಿಲ್ಲು ಇದೇ ವ್ಯಾಪಾರದ ಹೆಸರಿನಲ್ಲಿದೆಯೇ, ಮಾಲೀಕರ ಮನೆಯ ವಿಳಾಸಕ್ಕೆ ಬಂದಿದೆಯೇ? ದಿನಾಂಕ ಈ ಹಣಕಾಸು ವರ್ಷದ್ದೇ? ಹಣ ಕೊಡಲು ಅಧಿಕಾರವುಳ್ಳವರು ಸಹಿ ಮಾಡಿದ್ದಾರೆಯೇ? 5,000 ರೂಪಾಯಿಗಿಂತ ಹೆಚ್ಚಿನ ನಗದು ರಸೀದಿಯಾದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಇದೆಯೇ? ಕಟ್ಟಡದ ಹೊಸ ಕೋಣೆಗೆ ಮಾಡಿದ ವೆಚ್ಚವನ್ನು ‘ರಿಪೇರಿ’ ಖಾತೆಗೆ ಬರೆದು ಲಾಭ ಕಡಿಮೆ ತೋರಿಸಿದ್ದಾರೆಯೇ?

ಬಿಲ್ಲಿನ ಮೂಲೆಯಲ್ಲಿರುವ ಜಿಎಸ್‌ಟಿ ಸಂಖ್ಯೆಯೇ ಸಾಕಷ್ಟು ಹೇಳುತ್ತದೆ. ಅದರಲ್ಲಿ 15 ಅಕ್ಷರಗಳು. ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ ‘ಪಿ’ ಆಗಿದ್ದರೆ ವ್ಯಕ್ತಿ, ‘ಸಿ’ ಆಗಿದ್ದರೆ ಕಂಪನಿ, ‘ಎಫ್’ ಪಾಲುದಾರಿಕೆ ಸಂಸ್ಥೆ, ‘ಎಚ್’ ಹಿಂದೂ ಅವಿಭಕ್ತ ಕುಟುಂಬ, ‘ಟಿ’ ಟ್ರಸ್ಟ್. ಬಿಲ್ಲಿನ ತಲೆಬರಹದಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದು, ಸಂಖ್ಯೆಯ ಒಳಗಿನ ಪ್ಯಾನ್ ವ್ಯಕ್ತಿಯದ್ದಾಗಿದ್ದರೆ ಆ ಬಿಲ್ಲನ್ನು ಪಕ್ಕಕ್ಕೆ ತೆಗೆದಿಡಬೇಕು. ಕೆಲವು ತಿಂಗಳಾಗುವಷ್ಟರಲ್ಲಿ ವಿದ್ಯಾರ್ಥಿಯ ಕಣ್ಣು ಇದನ್ನು ತಾನಾಗಿಯೇ ಓದಲು ಕಲಿತಿರುತ್ತದೆ.

ನಗದು ಪಾವತಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬಿಡುವುದಿಲ್ಲ. ಸಾಗಣೆದಾರರಿಗಾದರೆ ಮಿತಿ 35,000. ಈಗ ಒಂದು ವೋಚರ್ ಕಟ್ಟನ್ನು ಊಹಿಸಿಕೊಳ್ಳಬಹುದು. ಮಾರ್ಚ್ 14ರಂದು ಲೋಡಿಂಗ್ ಕೂಲಿ 9,800 ರೂಪಾಯಿ, 15ರಂದು ಅದೇ ಮೇಸ್ತ್ರಿಗೆ 9,800, 16ರಂದು ಮತ್ತೆ 9,800. ಮೂರೂ ಒಂದೇ ಕೈಬರಹ, ಒಂದೇ ಶಾಯಿ. ಒಂದೊಂದನ್ನೇ ನೋಡಿದರೆ ಯಾವುದೂ ಮಿತಿ ಮೀರಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟಾಗ, ಒಂದೇ ದಿನ ಕೊಟ್ಟ 29,400 ರೂಪಾಯಿಯನ್ನು ಮೂರು ಚೀಟಿಯಾಗಿ ಒಡೆದಿರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ವೋಚರಿನಲ್ಲಿ ಸಿಗುವುದಿಲ್ಲ. ಗೋದಾಮಿನ ಆವಕ ಪುಸ್ತಕ ತೆಗೆಸಿ, ಆ ಮೂರು ದಿನವೂ ಲಾರಿ ಬಂದಿತ್ತೇ ಎಂದು ನೋಡಬೇಕು. ಬಂದಿದ್ದರೆ ವ್ಯಾಪಾರಿಯ ಮಾತು ಸರಿ, ಅನುಮಾನ ಅಲ್ಲಿಗೇ ಮುಗಿಯಿತು. ಹೀಗೆ ಒಂದು ಪುಸ್ತಕವನ್ನು ಬೇರೆಯವರು ಬರೆದ ಮತ್ತೊಂದು ಪುಸ್ತಕದ ಜೊತೆ ತಾಳೆ ನೋಡುವುದೇ ಆಡಿಟಿನ ವಿಧಾನ. ಆರ್ಟಿಕಲ್‌ಶಿಪ್ ಕೊಡುವ ಬಹುಮುಖ್ಯ ವಿದ್ಯೆಯೂ ಇದೇ.

ಕೆಂಪು ಬಟ್ಟೆ ಹೊದಿಕೆಯ ಕಿರ್ದಿ, ಖತಾವಣಿಗಳು ಈಗ ಅಪರೂಪ. ಅವುಗಳ ಜಾಗದಲ್ಲಿ ಹೆಚ್ಚಾಗಿ ಕಾಣುವುದು ಟ್ಯಾಲಿ. ಶ್ಯಾಮ್ ಸುಂದರ್ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ 1986ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ತಂತ್ರಾಂಶ ಇದು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಎಫ್5 ಒತ್ತಿದರೆ ಪಾವತಿ, ಎಫ್6 ಜಮೆ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಮೌಸ್ ಮುಟ್ಟದೆ ಕೆಲಸ ಮಾಡುವ ವೇಗ ಕೆಲವೇ ವಾರಗಳಲ್ಲಿ ಬರುತ್ತದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಉಳಿಯಲೇಬೇಕು. ಯಾವ ನಮೂದನ್ನು ಯಾವಾಗ ಬದಲಿಸಲಾಯಿತು ಎಂಬುದು ಅಳಿಸಲಾಗದಂತೆ ನಿಲ್ಲುತ್ತದೆ, ಆ ಸೌಲಭ್ಯ ವರ್ಷವಿಡೀ ಚಾಲ್ತಿಯಲ್ಲಿತ್ತೇ ಎಂಬುದನ್ನು ಆಡಿಟರು ವರದಿಯಲ್ಲಿ ಹೇಳಬೇಕು. ಆ ದಾಖಲೆಯನ್ನು ತೆರೆದು ನೋಡುವ ಕೆಲಸ ಈಗ ಆರ್ಟಿಕಲ್ಸ್‌ಗೆ ಬಂದಿದೆ.

ಬ್ಯಾಂಕ್ ಪುಸ್ತಕವನ್ನು ಬ್ಯಾಂಕಿನ ಸ್ಟೇಟ್‌ಮೆಂಟ್ ಜೊತೆ ತಾಳೆ ಹಾಕುವ ಪಟ್ಟಿಯನ್ನೂ ಶುರುವಿನಲ್ಲೇ ಕಲಿಸುತ್ತಾರೆ. ಮಾರ್ಚ್ 29ರಂದು ಬರೆದ ಚೆಕ್ಕು ಏಪ್ರಿಲ್ 3ರಂದು ಪಾಸಾಗಿದ್ದರೆ ವ್ಯತ್ಯಾಸಕ್ಕೆ ಕಾರಣ ಸಿಕ್ಕಿತು. ಡಿಸೆಂಬರಿನ ಚೆಕ್ಕು ಮಾರ್ಚ್ ಕಳೆದರೂ ಪಾಸಾಗದೆ ಉಳಿದಿದ್ದರೆ ಅದು ಹಳಸಿದ ಚೆಕ್ಕು, ಏಕೆಂದರೆ ಚೆಕ್ಕಿನ ಆಯುಸ್ಸು ಮೂರೇ ತಿಂಗಳು. ಅಂಥ ಚೆಕ್ಕನ್ನು ಇನ್ನೂ ‘ಕೊಟ್ಟಿದ್ದೇವೆ’ ಎಂದು ತೋರಿಸುತ್ತಿರುವುದು ಏಕೆ, ಅಸಲಿಗೆ ಅದನ್ನು ಯಾರಿಗಾದರೂ ಕೊಟ್ಟಿದ್ದರೇ ಎಂದು ವಿಚಾರಿಸಬೇಕಾಗುತ್ತದೆ.

ಕಚೇರಿಯ ತಿಂಗಳು ತೆರಿಗೆಯ ತಾರೀಖುಗಳ ಮೇಲೆ ನಡೆಯುತ್ತದೆ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಮಾರಾಟದ ವಿವರ ತುಂಬುವ ಜಿಎಸ್‌ಟಿಆರ್-1. 14ಕ್ಕೆ ಖರೀದಿಯ ತೆರಿಗೆ ಜಮೆ ತೋರಿಸುವ 2ಬಿ ಪಟ್ಟಿ ಪೋರ್ಟಲಿನಲ್ಲಿ ಮೂಡುತ್ತದೆ. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ. ಇವುಗಳಲ್ಲಿ ಹೆಚ್ಚು ಕಾಲ ತಿನ್ನುವುದು 2ಬಿ ತಾಳೆ. ವ್ಯಾಪಾರಿ ತೆರಿಗೆ ಸಮೇತ ಹಣ ಕೊಟ್ಟು ಸರಕು ತಂದಿರುತ್ತಾನೆ, ಆದರೆ ಮಾರಿದವನು ತನ್ನ ರಿಟರ್ನಿನಲ್ಲಿ ಆ ಬಿಲ್ಲನ್ನು ತೋರಿಸಿರುವುದಿಲ್ಲ. ತೋರಿಸದಿದ್ದರೆ ಕೊಂಡವನಿಗೆ ತೆರಿಗೆ ಜಮೆ ಸಿಗದು. ಆಗ ಬಿಟ್ಟುಹೋದ ಬಿಲ್ಲುಗಳ ಪಟ್ಟಿ ಮಾಡಿ, ಒಬ್ಬೊಬ್ಬ ಸರಬರಾಜುದಾರರಿಗೂ ಫೋನ್ ಮಾಡಿಸುವುದು ಆರ್ಟಿಕಲ್ಸ್ ಪಾಲಿಗೆ ಬರುತ್ತದೆ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೆ ಇದರಲ್ಲಿ ಸಿಗುವ ಕೆಲವು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಇಂಥ ಕೆಲಸ ಮಾಡಿದ ವಿದ್ಯಾರ್ಥಿಗೆ ತನ್ನ ಕೈಯ ಅಂಕಿ ಯಾರದೋ ಜೀವನೋಪಾಯ ಎಂಬುದು ಅರ್ಥವಾಗುತ್ತದೆ.

ವರ್ಷದ ಲಯ ಬೇರೆ. ಜುಲೈನಲ್ಲಿ ಸಂಬಳದಾರರ ಆದಾಯ ತೆರಿಗೆ ರಿಟರ್ನುಗಳ ನೂಕುನುಗ್ಗಲು. ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ಟ್ಯಾಕ್ಸ್ ಆಡಿಟ್. ವಹಿವಾಟು 1 ಕೋಟಿ ರೂಪಾಯಿ ದಾಟಿದ ವ್ಯಾಪಾರಕ್ಕೆ, ನಗದು ವ್ಯವಹಾರ ಶೇ 5ರ ಒಳಗಿದ್ದರೆ 10 ಕೋಟಿ ದಾಟಿದ ವ್ಯಾಪಾರಕ್ಕೆ, ಇದು ಕಡ್ಡಾಯ. 1961ರ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮು ಎಂದು ಇದು ದಶಕಗಳಿಂದ ಕಚೇರಿಗಳ ನಾಲಿಗೆಯ ಮೇಲಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರೂಪಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆಯಾಗಿದ್ದು, ಹಿರಿಯರೂ ವಿದ್ಯಾರ್ಥಿಗಳೂ ಒಟ್ಟಿಗೇ ಹೊಸದಾಗಿ ಕಲಿಯಬೇಕಾಗಿದೆ.

ಕಚೇರಿಯ ಹೊರಗೆ ನಡೆಯುವ ಕೆಲಸವೇ ತರಬೇತಿಯ ಸಮೃದ್ಧ ಭಾಗ. ಮಾರ್ಚ್ 31ರ ಆಸುಪಾಸಿನ ದಾಸ್ತಾನು ಎಣಿಕೆಯನ್ನೇ ನೋಡಬಹುದು. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ ಕಡೆಯ ಅಕ್ಕಿ ಗಿರಣಿ ಎಂದಿಟ್ಟುಕೊಳ್ಳೋಣ. ಚೀಲಗಳನ್ನು ಚಾವಣಿಯವರೆಗೆ ಒಟ್ಟಿರುತ್ತಾರೆ. ಉದ್ದಕ್ಕೆ ಎಷ್ಟು, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಎಣಿಸಿ ಗುಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಆದರೆ ಹೊರಗಿನಿಂದ ತುಂಬಿದಂತೆ ಕಾಣುವ ಒಟ್ಟು ಒಳಗೆ ಪೊಳ್ಳಾಗಿರಬಹುದು, ಆದ್ದರಿಂದ ಮೇಲೆ ಹತ್ತಿ ನೋಡಬೇಕು. ಕೆಲವು ಚೀಲಗಳನ್ನು ಆರಿಸಿ ತೂಗಿಸಬೇಕು. ಒಂದೆರಡು ಚೀಲಕ್ಕೆ ಬಂಬು ಚುಚ್ಚಿಸಿ, ಒಳಗಿರುವುದು ಸೋನಾ ಮಸೂರಿಯೋ ನುಚ್ಚೋ ಎಂದು ಅಂಗೈಗೆ ಸುರಿಸಿಕೊಂಡು ನೋಡಬೇಕು. ಬೇರೆಯವರ ಭತ್ತವನ್ನು ಕೂಲಿಗೆ ಮಿಲ್ ಮಾಡಲು ಇಟ್ಟಿದ್ದರೆ ಅದನ್ನು ಗಿರಣಿಯ ಸ್ವಂತ ದಾಸ್ತಾನಿಗೆ ಸೇರಿಸುವಂತಿಲ್ಲ.

ಎಣಿಕೆಯಾದ ಮೇಲೆ ಲೆಕ್ಕದ ಇನ್ನೊಂದು ಸುತ್ತು ಇದೆ. ಸರ್ಕಾರಕ್ಕಾಗಿ ಭತ್ತ ಮಿಲ್ ಮಾಡುವಾಗ ನಿಗದಿ ಮಾಡಿರುವ ಇಳುವರಿ ಹಸಿ ಅಕ್ಕಿಗೆ ಶೇ 67, ಕುಸುಬಲಕ್ಕಿಗೆ ಶೇ 68. ಅಂದರೆ 1,000 ಕ್ವಿಂಟಲ್ ಭತ್ತ ಗಿರಣಿಗೆ ಹಾಕಿದ್ದೇವೆ ಎಂದು ಪುಸ್ತಕ ಹೇಳಿದರೆ ಸುಮಾರು 670 ಕ್ವಿಂಟಲ್ ಹಸಿ ಅಕ್ಕಿ ಕಾಣಬೇಕು; ತೌಡು, ಹೊಟ್ಟಿನ ಲೆಕ್ಕವೂ ಸಿಗಬೇಕು. ಪುಸ್ತಕದಲ್ಲಿ 600 ಮಾತ್ರ ಇದ್ದರೆ ಉಳಿದ ಅಕ್ಕಿ ಬಿಲ್ಲಿಲ್ಲದೆ ಮಾರಾಟವಾಯಿತೇ, ಭತ್ತದ ಗುಣಮಟ್ಟವೇ ಕಡಿಮೆಯಿತ್ತೇ, ನುಚ್ಚು ಹೆಚ್ಚಾಯಿತೇ ಎಂದು ಕೇಳಬೇಕು. ತಿಂಗಳ ವಿದ್ಯುತ್ ಬಿಲ್ಲೂ ಸಾಕ್ಷಿಗೆ ಬರುತ್ತದೆ. ಯಂತ್ರ ಹೆಚ್ಚು ಯೂನಿಟ್ ಉರಿಸಿ ಅಕ್ಕಿ ಕಡಿಮೆ ತೋರಿಸಿದ ತಿಂಗಳು ವಿವರಣೆ ಕೇಳುತ್ತದೆ. ಇಲ್ಲಿ ವಿದ್ಯಾರ್ಥಿ ಕಲಿಯುವುದು ಬರೀ ಲೆಕ್ಕವನ್ನಲ್ಲ, ಒಂದು ಉದ್ದಿಮೆ ನಡೆಯುವ ರೀತಿಯನ್ನು. ಗಿರಣಿಯ ಮೇಸ್ತ್ರಿಯನ್ನು ಗೌರವದಿಂದ ಮಾತಾಡಿಸಿ, ಅವರು ಹೇಳಿದ್ದನ್ನು ಗಮನವಿಟ್ಟು ಕೇಳುವವನಿಗೆ ಒಂದು ಮಧ್ಯಾಹ್ನದಲ್ಲಿ ದಕ್ಕುವುದು ತರಗತಿಯಲ್ಲಿ ತಿಂಗಳಾದರೂ ದಕ್ಕದು.

ವರ್ಷದ ಕೊನೆಯ ಬಿಲ್ಲುಗಳಿಗೂ ಪ್ರತ್ಯೇಕ ಪರೀಕ್ಷೆ ಇದೆ. ಮಾರ್ಚ್ 31ರ ಮಾರಾಟ ಎಂದು ತೋರಿಸಿದ ಸರಕು ನಿಜಕ್ಕೂ ಅಂದೇ ಗೇಟು ದಾಟಿತೇ? ಗೇಟ್ ಪಾಸ್, ಲಾರಿ ರಸೀದಿ, 50,000 ರೂಪಾಯಿ ಮೀರಿದ ಸರಕಿಗೆ ಬೇಕಾಗುವ ಇ-ವೇ ಬಿಲ್ಲು ಮೂರನ್ನೂ ಜೋಡಿಸಿದಾಗ ಉತ್ತರ ದೊರೆಯುತ್ತದೆ.

ಏಪ್ರಿಲ್ ಬಂತೆಂದರೆ ಬ್ಯಾಂಕ್ ಶಾಖೆಗಳ ಆಡಿಟ್. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಹುಟ್ಟಿದ ಕರಾವಳಿಯಲ್ಲಿ ಈ ಕೆಲಸಕ್ಕೆ ದೀರ್ಘ ಪರಂಪರೆಯಿದೆ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದರೂ ಶಾಖೆಯ ಆಡಿಟಿನ ಸ್ವರೂಪ ಬದಲಾಗಿಲ್ಲ. ಕೆಲವೇ ದಿನಗಳಲ್ಲಿ ಶಾಖೆಯ ಸಾಲಗಳೆಲ್ಲ ಸರಿಯಾದ ವರ್ಗದಲ್ಲಿವೆಯೇ ಎಂದು ನೋಡಿ ಮುಗಿಸಬೇಕು. ಕಂತು ಅಥವಾ ಬಡ್ಡಿ 90 ದಿನ ಮೀರಿ ಬಾಕಿಯಾದರೆ ಸಾಲ ಎನ್‌ಪಿಎ. ಬೆಳೆಸಾಲಕ್ಕೆ ಬೇರೆ ಅಳತೆಗೋಲಿದೆ: ಅಲ್ಪಾವಧಿ ಬೆಳೆಯಾದರೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿದಾಗ ಅದು ಎನ್‌ಪಿಎ ಆಗುತ್ತದೆ. ಈ ನಿಯಮ ಅನ್ವಯಿಸಲು ಆ ಊರಿನಲ್ಲಿ ರಾಗಿ ಯಾವಾಗ ಬಿತ್ತುತ್ತಾರೆ, ಕಬ್ಬು ಯಾವಾಗ ಕಡಿಯುತ್ತಾರೆ ಎಂಬುದು ಗೊತ್ತಿರಬೇಕು. ವ್ಯಾಪಾರಿಗಳ ಕ್ಯಾಶ್ ಕ್ರೆಡಿಟ್ ಖಾತೆಗಳಲ್ಲಿ, ಮಾರ್ಚ್ ಕೊನೆಯ ವಾರ ದೊಡ್ಡ ಮೊತ್ತ ಜಮೆಯಾಗಿ ಏಪ್ರಿಲ್ ಮೊದಲ ವಾರ ಅಷ್ಟೇ ಮೊತ್ತ ಹೊರಗೆ ಹೋಗಿದೆಯೇ ಎಂದು ನೋಡಲು ಹಿರಿಯರು ಹೇಳಿಕೊಡುತ್ತಾರೆ. ಹಾಗೆ ಹೋಗಿದ್ದರೆ ಆ ಖಾತೆ ವರ್ಷಾಂತ್ಯಕ್ಕೆ ಮಾತ್ರ ಆರೋಗ್ಯವಾಗಿ ಕಂಡಿರಬಹುದು.

ಕರ್ನಾಟಕದ ವಿದ್ಯಾರ್ಥಿಗೆ ಸಿಗುವ ಇನ್ನೊಂದು ವಿಶಿಷ್ಟ ಅನುಭವ ಸಹಕಾರ ಸಂಘಗಳದ್ದು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಈ ಚಳವಳಿ ರಾಜ್ಯದಲ್ಲಿ ಬೇರೂರಿತು. ಇಂದು ಸಂಘಗಳು 1959ರ ಕಾಯ್ದೆಯಡಿ, ಸೌಹಾರ್ದ ಸಹಕಾರಿಗಳು 1997ರ ಕಾಯ್ದೆಯಡಿ ನಡೆಯುತ್ತವೆ. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಮುಂಚೆ ಆಡಿಟ್ ಮುಗಿಯಬೇಕಾದ ಕಾರಣ ಬೇಸಿಗೆಯಿಂದ ಮಳೆಗಾಲದವರೆಗೆ ಹಳ್ಳಿಗಳಿಗೆ ಓಡಾಟ ಇರುತ್ತದೆ. ಇಲ್ಲಿನ ಆಧಾರಗಳೆಲ್ಲ ಕನ್ನಡದಲ್ಲಿ: ನಡಾವಳಿ ಪುಸ್ತಕ, ಷೇರು ರಿಜಿಸ್ಟರು, ಸಾಲದ ಅರ್ಜಿ, ಪಹಣಿ. ಅರ್ಜಿಯಲ್ಲಿ ಬರೆದ ಸರ್ವೆ ನಂಬರು ಪಹಣಿಯದ್ದೇ, ಸಾಲ ಮಂಜೂರಾದ ಠರಾವು ನಡಾವಳಿಯಲ್ಲಿದೆಯೇ, ಅಂದಿನ ಸಭೆಗೆ ಕೋರಂ ಇತ್ತೇ ಎಂದು ನೋಡಬೇಕು. ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ ಮೇಲೆ ಈ ಪರಿಶೀಲನೆಯ ಭಾರ ಹೆಚ್ಚಿದೆ. ಸಿಎ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತ್ರ ಬರೆಯಲು ಅವಕಾಶವಿದ್ದು, ಕನ್ನಡ ಮಾಧ್ಯಮದಿಂದ ಬಂದವರು ಅಲ್ಲಿ ತುಂಬಾ ಶ್ರಮಪಡಬೇಕಾಗುತ್ತದೆ. ಆದರೆ ಸಂಘದ ಕಾರ್ಯದರ್ಶಿಯ ಕೈಬರಹದ ನಡಾವಳಿಯನ್ನು ಸರಾಗವಾಗಿ ಓದಬಲ್ಲ ವಿದ್ಯಾರ್ಥಿ ಇಂಥ ಆಡಿಟಿನಲ್ಲಿ ಕಚೇರಿಗೆ ಅನಿವಾರ್ಯ. ಕನ್ನಡ ಬಲ್ಲವರ ಈ ಶಕ್ತಿಯನ್ನು ಕಚೇರಿಗಳು ಇನ್ನಷ್ಟು ಗುರುತಿಸಬೇಕು.

ಮಾಡಿದ ಕೆಲಸವೆಲ್ಲ ಬರಹದಲ್ಲಿ ಉಳಿಯಬೇಕು. ಯಾವ ಬಿಲ್ಲು ನೋಡಿದೆ, ಏನು ಕೇಳಿದೆ, ಯಾರು ಏನು ಉತ್ತರ ಕೊಟ್ಟರು ಎಂಬ ವರ್ಕಿಂಗ್ ಪೇಪರ್‌ಗಳನ್ನು ಸಂಸ್ಥೆ ಕನಿಷ್ಠ ಏಳು ವರ್ಷ ಕಾಪಾಡುತ್ತದೆ. ಆಡಿಟ್ ವರದಿಗೆ ಸಹಿ ಮಾತ್ರ ಪ್ರಿನ್ಸಿಪಾಲರದ್ದು. ಅದರ ಮೇಲೆ ಐಸಿಎಐ ಪೋರ್ಟಲಿನಿಂದ ಪಡೆದ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಗುರುತು ಇರಬೇಕು. ಆರ್ಟಿಕಲ್ಸ್ ಯಾವ ಪ್ರಮಾಣಪತ್ರಕ್ಕೂ ಸಹಿ ಹಾಕುವಂತಿಲ್ಲ. ಗ್ರಾಹಕರ ವಿವರ ಹೊರಗೆ ಹೇಳುವಂತೆಯೂ ಇಲ್ಲ. ಒಪ್ಪಿಗೆಯಿಲ್ಲದೆ ಗ್ರಾಹಕರ ಮಾಹಿತಿ ಬಯಲು ಮಾಡುವುದು ಸಿಎಗಳ ಪಾಲಿಗೆ ವೃತ್ತಿ ದುರ್ನಡತೆ, ಅದೇ ಕಟ್ಟುಪಾಡು ಅವರ ಕೈಕೆಳಗಿನವರಿಗೂ ಇದೆ. ಸಂಬಂಧಿಕರ ಮದುವೆಯಲ್ಲಿ ಯಾರದೋ ವ್ಯಾಪಾರದ ಮಾತು ಬಂದಾಗ ಇಪ್ಪತ್ತರ ಹರೆಯದವರು ಬಾಯಿ ಬಿಗಿಹಿಡಿಯುವುದು ಸುಲಭವಲ್ಲ, ಆದರೂ ಕಲಿಯಲೇಬೇಕು.

ಇನ್ನು ಸ್ಟೈಪೆಂಡಿನ ವಿಷಯ. 2023ರ ಜುಲೈನಿಂದ ಅನ್ವಯವಾದ ಕನಿಷ್ಠ ದರದಂತೆ, 20 ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲಿ ಮೊದಲ ವರ್ಷ ತಿಂಗಳಿಗೆ 4,000 ರೂಪಾಯಿ, ಎರಡನೇ ವರ್ಷ 5,000. 5ರಿಂದ 20 ಲಕ್ಷ ಜನಸಂಖ್ಯೆಯ ಊರುಗಳಲ್ಲಿ 3,000 ಮತ್ತು 4,000. ಅದಕ್ಕಿಂತ ಚಿಕ್ಕ ಊರುಗಳಲ್ಲಿ 2,000 ಮತ್ತು 3,000. ಇದು ಹಿಂದಿನ ದರದ ಎರಡರಷ್ಟಾದರೂ, ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆಗೂ ಸಾಲದು. ದೊಡ್ಡ ಸಂಸ್ಥೆಗಳು ಇದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಚಿಕ್ಕ ಕಚೇರಿಗಳಲ್ಲಿ ಹಲವು ಕನಿಷ್ಠಕ್ಕೇ ನಿಲ್ಲುತ್ತವೆ. ಪರಿಣಾಮವಾಗಿ, ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬರುವ ವಿದ್ಯಾರ್ಥಿಯ ಎರಡು ವರ್ಷದ ಖರ್ಚನ್ನು ಮನೆಯವರೇ ಹೊರಬೇಕು. ಪ್ರೀಮಿಯಂ ಹೋದರೂ ಆ ಹಳೆಯ ಅಡ್ಡಿ ಇನ್ನೊಂದು ರೂಪದಲ್ಲಿ ಉಳಿದಿದೆ. ಕನಿಷ್ಠ ದರವನ್ನು ಊಟ, ವಸತಿಯ ನಿಜವಾದ ವೆಚ್ಚಕ್ಕೆ ಜೋಡಿಸದ ಹೊರತು ಇದು ಸರಿಹೋಗದು.

ಕೆಲಸದ ಅವಧಿ ವಾರಕ್ಕೆ 35 ಗಂಟೆ. ಆ ಗಂಟೆಗಳಲ್ಲಿ ಕಾಲೇಜಿಗೆ ಹೋಗುವಂತಿಲ್ಲ, ಬಿ.ಕಾಂ. ಜೊತೆಜೊತೆಗೆ ಓದುವವರು ಬೆಳಗಿನ ಅಥವಾ ಸಂಜೆಯ ತರಗತಿ, ಇಲ್ಲವೇ ದೂರಶಿಕ್ಷಣ ಹಿಡಿದು, ಅದಕ್ಕೆ ಐಸಿಎಐ ಅನುಮತಿ ಪಡೆಯಬೇಕು. ರಜೆ ವರ್ಷಕ್ಕೆ 12 ದಿನ. ಮೂರು ವರ್ಷದ ಕಾಲದಲ್ಲಿ ಪರೀಕ್ಷೆಗೆಂದು ತಿಂಗಳುಗಟ್ಟಲೆ ರಜೆ ಸಿಗುತ್ತಿತ್ತು, ಈಗ ಹೆಚ್ಚುವರಿ ರಜೆ ಹಾಕಿದರೆ ತರಬೇತಿಯ ಅವಧಿಯೇ ಅಷ್ಟು ಮುಂದೆ ಹೋಗುತ್ತದೆ. ಸೆಪ್ಟೆಂಬರಿನಲ್ಲಿ 35 ಗಂಟೆಯ ಮಿತಿ ಕಾಗದದ ಮೇಲೇ ಉಳಿಯುವ ಕಚೇರಿಗಳಿವೆ. ಗಡುವಿನ ದಿನಗಳಲ್ಲಿ ರಾತ್ರಿ ಕೂರುವುದು ವೃತ್ತಿಯ ಭಾಗ ಎಂದು ಒಪ್ಪಬಹುದು. ಆದರೆ ವರ್ಷವಿಡೀ ಬಿಲ್ಲು ಫೀಡ್ ಮಾಡಿಸಿ, ಬ್ಯಾಂಕಿಗೆ ಚೆಕ್ಕು ಹಾಕಲು ಓಡಿಸಿ ಕಳಿಸಿದರೆ ಅದು ತರಬೇತಿಯಲ್ಲ. ಇದಕ್ಕೆ ವಿರುದ್ಧವಾದ ದೋಷವೂ ಇದೆ. ಹೆಸರಿಗೆ ಕಚೇರಿ ಸೇರಿ, ಮನೆಯಲ್ಲೋ ಕೋಚಿಂಗ್ ಕೇಂದ್ರದಲ್ಲೋ ಓದಿಕೊಂಡಿರುವುದನ್ನು ‘ಡಮ್ಮಿ ಆರ್ಟಿಕಲ್‌ಶಿಪ್’ ಎನ್ನುತ್ತಾರೆ. ನಿಯಮದ ಪ್ರಕಾರ ಇದು ಪ್ರಿನ್ಸಿಪಾಲ್ ಮತ್ತು ವಿದ್ಯಾರ್ಥಿ ಇಬ್ಬರದೂ ತಪ್ಪು. ಅಂಕ ಬಂದರೂ ವೋಚರು ಕೈಯಲ್ಲಿ ಹಿಡಿಯದೆ ಸಹಿಯ ಅಧಿಕಾರ ಪಡೆದವರು ನಾಳೆ ಜನರ ಠೇವಣಿಯಿರುವ ಬ್ಯಾಂಕಿನ, ರೈತರ ಷೇರಿರುವ ಸಂಘದ ಲೆಕ್ಕಕ್ಕೆ ಪ್ರಮಾಣ ಕೊಡಬೇಕಾಗುತ್ತದೆ. ಇದನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ.

ತಾಳೆ ಹಾಕುವ, ಬಿಲ್ಲು ಫೀಡ್ ಮಾಡುವ ಕೆಲಸದ ಬಹುಪಾಲನ್ನು ಈಗ ತಂತ್ರಾಂಶಗಳೇ ಮಾಡತೊಡಗಿವೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೇರವಾಗಿ ಟ್ಯಾಲಿಗೆ ಇಳಿಯುತ್ತದೆ, 2ಬಿ ವ್ಯತ್ಯಾಸ ನಿಮಿಷದಲ್ಲಿ ಹೊರಬೀಳುತ್ತದೆ. ಇದರಿಂದ ಆರ್ಟಿಕಲ್ಸ್‌ಗೆ ಕೆಲಸ ಇಲ್ಲವಾಗುವುದಿಲ್ಲ, ವ್ಯತ್ಯಾಸ ಯಾಕೆ ಬಂತೆಂದು ವಿಚಾರಿಸುವ ಮುಖ್ಯ ಕೆಲಸಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಉಳಿದ ಹೊತ್ತನ್ನು ಗಿರಣಿಗೆ, ಸಂಘಕ್ಕೆ, ಬ್ಯಾಂಕ್ ಶಾಖೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯಲು ಬಳಸುವ ಪ್ರಿನ್ಸಿಪಾಲರು ಅವಧಿ ಎರಡು ವರ್ಷಕ್ಕೆ ಇಳಿದ ಕೊರತೆಯನ್ನು ಸಾಕಷ್ಟು ತುಂಬಬಲ್ಲರು.

ಕೊನೆಯ ವರ್ಷ ಬೇಕೆನಿಸಿದರೆ 9ರಿಂದ 12 ತಿಂಗಳು ಉದ್ಯಮದಲ್ಲಿ ತರಬೇತಿ ಪಡೆಯಲು ಅವಕಾಶವಿದೆ. ಆಗ ವಿದ್ಯಾರ್ಥಿ ಆಡಿಟರ ಕಡೆಯಿಂದ ಲೆಕ್ಕ ಬರೆಯುವವರ ಕಡೆಗೆ ದಾಟಿ, ಕಂಪನಿಯ ಬಜೆಟ್, ವೆಚ್ಚ ನಿಯಂತ್ರಣ, ಬ್ಯಾಂಕ್ ಸಾಲದ ಪ್ರಸ್ತಾವಗಳನ್ನು ಒಳಗಿನಿಂದ ನೋಡುತ್ತಾನೆ. ಇದಕ್ಕೆ ಪ್ರಿನ್ಸಿಪಾಲರಿಗೆ ಮೂರು ತಿಂಗಳು ಮುಂಚಿತವಾಗಿ ತಿಳಿಸಬೇಕು. ಮಧ್ಯದಲ್ಲಿ ಕಚೇರಿ ಬದಲಿಸಲು ನಿಯಮಾವಳಿಯಲ್ಲಿ ದಾರಿಯಿದ್ದರೂ, ಪ್ರಿನ್ಸಿಪಾಲರ ಒಪ್ಪಿಗೆ ಮತ್ತು ಸಕಾರಣ ಬೇಕಾಗುವುದರಿಂದ ಅದು ಸಲೀಸಲ್ಲ.

ಎರಡು ವರ್ಷ ತುಂಬಿದಾಗ ಪ್ರಿನ್ಸಿಪಾಲರು ನಮೂನೆ 108ರಲ್ಲಿ ತರಬೇತಿ ಪೂರ್ಣಗೊಂಡ ಪ್ರಮಾಣಪತ್ರ ಕೊಡುತ್ತಾರೆ. ಫೈನಲ್‌ಗೆ ಮುಂಚೆ ಐಸಿಎಐನ ಸ್ವಯಂ-ಕಲಿಕೆಯ ನಾಲ್ಕು ಆನ್‌ಲೈನ್ ಮಾಡ್ಯೂಲ್‌ಗಳಲ್ಲಿ ತಲಾ ಶೇ 50 ಅಂಕ ಪಡೆದಿರಬೇಕು. ಇವುಗಳಲ್ಲಿ ಕಂಪನಿ ಮತ್ತು ಆರ್ಥಿಕ ಕಾನೂನು, ವೆಚ್ಚ ನಿರ್ವಹಣೆ ಕಡ್ಡಾಯ. ಉಳಿದೆರಡನ್ನು ಪಟ್ಟಿಯಿಂದ ಆರಿಸಿಕೊಳ್ಳಬಹುದು. ಕಂಪ್ಯೂಟರ್ ಮತ್ತು ಸಂವಹನದ ಮುಂದುವರಿದ ಕೋರ್ಸನ್ನೂ ಮುಗಿಸಿರಬೇಕು. ತರಬೇತಿ ಮುಗಿದ ಮೇಲೆ ಆರು ತಿಂಗಳು ಓದಿಗೆ ಮೀಸಲು. ಹಿಂದೆ ಕಚೇರಿಯ ಕೆಲಸದ ನಡುವೆಯೇ ಫೈನಲ್‌ಗೆ ಸಿದ್ಧರಾಗಬೇಕಿದ್ದವರಿಗೆ ಇರದಿದ್ದ ಈ ಬಿಡುವಿನ ಬಳಿಕ, ಆರು ಪತ್ರಿಕೆಗಳ ಫೈನಲ್ ಪರೀಕ್ಷೆಗೆ ಅರ್ಜಿ ಹಾಕಬಹುದು.